ಎರಡನೇ ಮಹಡಿಯ ಕಂಬವು ರಜೆ ಕೇಳಿದ ವಿಷಯ

ಇಲಾಖಾ ಮುಖ್ಯ ಕಚೇರಿ
ಮಾದರಿ ಶಾಖೆ

ಸಂಖ್ಯೆ: ಮಾಶಾ/ಕಂಬ/ರಜೆ/೭(ಅ)

ಸುತ್ತೋಲೆ

ವಿಷಯ: ನಿರ್ಮಾಣ ಹಂತದಲ್ಲಿರುವ ಇಲಾಖೆಯ ಹೊಸ ಕಟ್ಟಡದ ಡಿಜಿಟಲ್ ಮಾದರಿಯಲ್ಲಿ ಗಾರೆ ಕೆಲಸಗಾರರೊಬ್ಬರು ಕಂಬವೆಂದು ದಾಖಲಾಗಿದ್ದು, ಸದರಿ ಕಂಬವು ಪತ್ನಿಯ ಹೆರಿಗೆಗಾಗಿ ರಜೆ ಕೋರಿರುವ ಬಗ್ಗೆ.

ಉಲ್ಲೇಖ:
೧. ಸೈಟ್ ಎಂಜಿನಿಯರ್ ಅವರ ಪತ್ರ. ವಿಷಯ: ‘ಅದು ಕಂಬವಲ್ಲ.’
೨. ಅವರದೇ ಜ್ಞಾಪನಾ ಪತ್ರ. ವಿಷಯ: ‘ಅದು ಈಗಲೂ ಕಂಬವಲ್ಲ.’
೩. ಕಂಬದ ರಜೆ ಅರ್ಜಿ.
೪. ಕಂಬದ ಪತ್ನಿಯು ಈ ಕಚೇರಿಗೆ ಖುದ್ದು ಬಂದು ಆಡಿದ ಮಾತುಗಳು (ಬರೆದುಕೊಳ್ಳಲು ಸಾಧ್ಯವಾದಷ್ಟು).

ಪೀಠಿಕೆ:

ಮೇಲ್ಕಂಡ ವಿಷಯವಾಗಿ ಸಿಬ್ಬಂದಿಯು ಕಾರಿಡಾರುಗಳಲ್ಲಿ, ಲಿಫ್ಟಿನಲ್ಲಿ ಹಾಗೂ ವಿಶೇಷವಾಗಿ ಚಹಾದ ವೇಳೆಯಲ್ಲಿ ತಮಗೆ ತೋಚಿದಂತೆ ಮಾತಾಡಿಕೊಂಡು ನಗುತ್ತಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಒಂದು ಶಾಖೆಯಲ್ಲಿ ಕಂಬಕ್ಕೆ ಅವಳಿ ಮಕ್ಕಳೆಂದೂ, ಇನ್ನೊಂದರಲ್ಲಿ ಕಟ್ಟಡವೇ ಬಿದ್ದುಹೋಯಿತೆಂದೂ ಸುದ್ದಿ ಇದೆ. ಎರಡೂ ಸುಳ್ಳು. ಆದ್ದರಿಂದ ನಡೆದದ್ದನ್ನು ನಡೆದಂತೆ ಈ ಕೆಳಗೆ ತಿಳಿಸಲಾಗಿದ್ದು, ಇನ್ನು ಮುಂದೆ ನಗುವವರು ಈ ಸುತ್ತೋಲೆಗೆ ಅನುಗುಣವಾಗಿಯೇ ನಗತಕ್ಕದ್ದೆಂದು ಸೂಚಿಸಲಾಗಿದೆ.

೧. ಹೊಸ ಕಟ್ಟಡದ ಕಾಮಗಾರಿಯನ್ನು ಡಿಜಿಟಲ್ ಮಾದರಿಯ ಮೂಲಕ ನಿರ್ವಹಿಸಲಾಗುತ್ತಿದೆ. ಮಾದರಿಯೆಂದರೆ ಅದೇ ಕಟ್ಟಡವನ್ನು ಕಂಪ್ಯೂಟರಿನೊಳಗೆ ಇನ್ನೊಮ್ಮೆ ಕಟ್ಟಿರುವುದು. ವಾರಕ್ಕೊಮ್ಮೆ ಮುಕ್ಕಾಲಿಯ ಮೇಲೆ ಸ್ಕ್ಯಾನರ್ ಯಂತ್ರವನ್ನಿಟ್ಟು ಪ್ರತಿ ಮಹಡಿಯ ಅಳತೆ ಹಿಡಿಯಲಾಗುವುದು. ಯಂತ್ರಕ್ಕೆ ಕಂಡದ್ದನ್ನು ಇದು ಗೋಡೆ, ಇದು ಕಿಟಕಿ, ಇದು ಕಂಬ ಎಂದು ತಂತ್ರಾಂಶವೇ ಗುರುತಿಸಿ ಮಾದರಿಗೆ ಸೇರಿಸುವುದು. ಯಾವ ಕೆಲಸ ಮುಗಿದಿದೆ, ಯಾವ ಸಾಮಾನು ತರಿಸಬೇಕು, ಯಾವುದು ಬೇಡ ಎಂಬುದೆಲ್ಲ ಅಲ್ಲಿಂದಲೇ ತೀರ್ಮಾನವಾಗುವುದು. ಈ ವ್ಯವಸ್ಥೆ ಬಂದ ಮೇಲೆ ಅಧಿಕಾರಿಗಳು ಸಿಮೆಂಟಿನ ಧೂಳಿನಲ್ಲಿ ಓಡಾಡುವುದು ತಪ್ಪಿದ್ದು, ಬೂಟುಗಳ ಸ್ಥಿತಿಯಲ್ಲಿ ಗಣನೀಯ ಸುಧಾರಣೆ ಕಂಡುಬಂದಿರುತ್ತದೆ.

೨. ಕಟ್ಟಡದ ಎರಡನೇ ಮಹಡಿಯಲ್ಲಿ ‘ಕ-೨೭’ ಎಂಬ ಉಕ್ಕಿನ ಕಂಬ ಬರಬೇಕಿತ್ತು. ಅದು ಬರುವವರೆಗೆ ಮೇಲಿನ ಚಾವಣಿಗೆ ಜಾಕಿಗಳನ್ನು ಆನಿಸಿ, ಕಂಬದ ಜಾಗವನ್ನು ಖಾಲಿ ಬಿಡಲಾಗಿತ್ತು. ಆ ಇಡೀ ಮಹಡಿಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಅದೊಂದೇ ಜಾಗದಲ್ಲಿ. ಸ್ಕ್ಯಾನ್ ನಡೆದ ದಿನ ಗಾರೆ ಕೆಲಸಗಾರರೊಬ್ಬರು ಅಲ್ಲಿಗೆ ಬಂದು ಫೋನು ಎತ್ತಿದರು. ಕರೆ ಮಾಡಿದ್ದವರು ಅವರ ಪತ್ನಿ. ತುಂಬು ಗರ್ಭಿಣಿ. ‘ದಿನ ತುಂಬ್ತಾ ಬಂತು. ರಜೆ ಕೇಳಿದ್ರಾ, ಇಲ್ವಾ?’ ಎಂಬುದು ಪ್ರಶ್ನೆ. ಕೇಳಿರಲಿಲ್ಲ. ಪತ್ನಿಯು ಮುಂದೆ ಆಡಿದ್ದನ್ನೆಲ್ಲ ಕೆಲಸಗಾರರು ಕೈಕಾಲು ಅಲುಗಿಸದೆ, ಮೈಯೆಲ್ಲ ಗಾರೆ ಮೆತ್ತಿಕೊಂಡು, ನೆಟ್ಟಗೆ ನಿಂತು ಕೇಳಿಸಿಕೊಂಡರು. ಬೈಸಿಕೊಳ್ಳುವಾಗ ಅಲುಗಾಡಿದರೆ ಬೈಗುಳ ಉದ್ದವಾಗುತ್ತದೆಂಬುದು ಅವರ ಅನುಭವ. ತಂತ್ರಾಂಶವು ಅವರನ್ನು ನೋಡಿ ‘ಕಂಬ ಕ-೨೭: ನಿಂತಿದೆ. ಕೆಲಸ ಪೂರ್ಣ. ಎತ್ತರ ಸ್ವಲ್ಪ ಕಡಿಮೆ’ ಎಂದು ದಾಖಲಿಸಿತು. ಕೆಲಸ ಪೂರ್ಣವಾದ್ದರಿಂದ ಉಕ್ಕಿನ ಕಂಬದ ಬೇಡಿಕೆಯು ತಾನಾಗಿಯೇ ರದ್ದಾಯಿತು.

೩. ಸೈಟ್ ಎಂಜಿನಿಯರ್ ಅವರು ಉಲ್ಲೇಖ (೧)ರ ಪತ್ರದಲ್ಲಿ, ಅಲ್ಲಿರುವುದು ಕಂಬವಲ್ಲ, ನಮ್ಮ ಗಾರೆಯವರು, ಚಾವಣಿ ಇನ್ನೂ ಜಾಕಿಗಳ ಮೇಲೆಯೇ ನಿಂತಿದೆ, ದಯವಿಟ್ಟು ಕಂಬ ಕಳಿಸಿ ಎಂದು ಬರೆದರು. ಮಾದರಿಯನ್ನು ತೆರೆದು ನೋಡಲಾಗಿ ಕಂಬ ಇದ್ದಿತು. ಹಾಗೆಂದು ತಿಳಿಸಲಾಯಿತು. ಉಲ್ಲೇಖ (೨)ರ ಜ್ಞಾಪನಾ ಪತ್ರದ ಜೊತೆ ಆಕೆಯು ಒಂದು ಛಾಯಾಚಿತ್ರವನ್ನೂ ಲಗತ್ತಿಸಿದರು. ಅದರಲ್ಲಿ ಕಂಬವು ಇಟ್ಟಿಗೆಯ ಮೇಲೆ ಕುಳಿತು ಊಟ ಮಾಡುತ್ತಿರುವುದು ಸ್ಪಷ್ಟವಾಗಿ ಕಂಡುಬಂದಿದ್ದು, ಕಾಮಗಾರಿಯ ಗುಣಮಟ್ಟ ಈ ಮಟ್ಟಕ್ಕೆ ಇಳಿಯಲು ಕಾರಣವೇನೆಂದು ಅವರಿಂದಲೇ ವಿವರಣೆ ಕೇಳಲಾಯಿತು.

೪. ಕಂಬ ಪೂರ್ಣಗೊಂಡಿರುವುದರಿಂದ ಜಾಕಿಗಳನ್ನು ತೆಗೆಯತಕ್ಕದ್ದೆಂದು ಮಾದರಿಯು ಆದೇಶ ಹೊರಡಿಸಿತು. ಸೈಟ್ ಎಂಜಿನಿಯರ್ ತೆಗೆಸಲಿಲ್ಲ. ಕೆಳಸಹಿದಾರರು ದೂರವಾಣಿಯಲ್ಲಿ ಕಾರಣ ಕೇಳಲಾಗಿ, ‘ತೆಗೀರಿ ಅಂತ ನೀವೇ ಬರೆದು ಸಹಿ ಹಾಕಿ ಕೊಡಿ ಸಾರ್. ತೆಗೆಯೋ ಹೊತ್ತಿಗೆ ಬಂದು ಅದರ ಕೆಳಗೆ ನಿಂತ್ಕೊಳ್ಳಿ, ನಾನೂ ಪಕ್ಕದಲ್ಲೇ ಇರ್ತೀನಿ’ ಎಂದು ಆಕೆ ಹೇಳಿದರು. ಆ ಸಮಯದಲ್ಲಿ ಪೆನ್ನು ಲಭ್ಯವಿಲ್ಲದ ಕಾರಣ ಸಹಿ ಹಾಕಲಾಗಲಿಲ್ಲ. ಜಾಕಿಗಳು ಇರಲಿ, ಆದರೆ ಯಾರೂ ಅವುಗಳ ಕಡೆ ನೋಡಬಾರದು ಎಂದು ಮೌಖಿಕವಾಗಿ ಇತ್ಯರ್ಥಪಡಿಸಲಾಯಿತು.

೫. ಆದರೆ ಮಾದರಿಗೂ ಸ್ಥಳಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ಸ್ಥಳವನ್ನು ತಿದ್ದತಕ್ಕದ್ದು ಎಂಬುದು ಇಲಾಖೆಯ ನೀತಿ. ಮಾದರಿಯನ್ನು ತಿದ್ದಲು ಆರು ಸಹಿ ಬೇಕು. ಆದ್ದರಿಂದ ಹಿಂದಿನ ಸುತ್ತೋಲೆಯ ಮೂಲಕ ಈ ಕೆಳಕಂಡ ಸೂಚನೆಗಳನ್ನು ನೀಡಲಾಗಿತ್ತು:

(ಅ) ಸದರಿ ಕೆಲಸಗಾರರು ಕೆಲಸದ ಅವಧಿಯಲ್ಲಿ ಕ-೨೭ರ ಜಾಗದಲ್ಲಿಯೇ ನಿಲ್ಲತಕ್ಕದ್ದು. ಕೈಗೆಟುಕುವಷ್ಟು ಗೋಡೆಗೆ ಗಾರೆ ಮಾಡಲು ಅಭ್ಯಂತರವಿಲ್ಲ. ಕೈಗೆ ಯಾವ ಗೋಡೆಯೂ ಎಟುಕುವುದಿಲ್ಲ ಎಂಬ ದೂರನ್ನು ಪರಿಗಣಿಸಲಾಗುವುದಿಲ್ಲ.

(ಆ) ಕಂಬವನ್ನು ಹೆಸರು ಹಿಡಿದು ಕೂಗಬಾರದು. ತಿರುಗಿ ನೋಡುತ್ತದೆ.

(ಇ) ಕಂಬವು ಊಟಕ್ಕೆ ಅಥವಾ ಶೌಚಕ್ಕೆ ಹೋದಾಗ ಸ್ಥಾಪನಾ ಶಾಖೆಯ ದ್ವಿತೀಯ ದರ್ಜೆ ಸಹಾಯಕರು ಪ್ರಭಾರ ಕಂಬವಾಗಿ ಕಾರ್ಯನಿರ್ವಹಿಸತಕ್ಕದ್ದು. ಪ್ರಭಾರ ಕಂಬವು ಕುಳಿತಿರುವುದು ಕಂಡುಬಂದಲ್ಲಿ ಅದನ್ನು ಕುಸಿತವೆಂದು ಪರಿಗಣಿಸಲಾಗುವುದು.

(ಈ) ಕಂಬ ಸೀನಿದಲ್ಲಿ ‘ಕಂಪನ’ ಎಂಬ ಕಲಂನಲ್ಲಿ ನಮೂದಿಸತಕ್ಕದ್ದು.

೬. ಆ ಚಾವಣಿಯ ಮೇಲೆ, ಅಂದರೆ ಮೂರನೇ ಮಹಡಿಯಲ್ಲಿ, ಕೆಳಸಹಿದಾರರ ಕೊಠಡಿ ಬರಲಿರುವುದರಿಂದ ವಿಷಯವನ್ನು ವೈಯಕ್ತಿಕ ಆಸಕ್ತಿಯಿಂದ ಪರಿಶೀಲಿಸಲಾಯಿತು. ಕೆಳಸಹಿದಾರರು ಖುದ್ದು ಸ್ಥಳಕ್ಕೆ ಹೋಗಿ ಕಂಬವನ್ನು ಬೆರಳಿನಿಂದ ತಟ್ಟಿ ನೋಡಲಾಗಿ, ಕಂಬ ಕೆಮ್ಮಿತು. ಏನಾದರೂ ತೊಂದರೆ ಇದೆಯೇ ಎಂದು ಕೇಳಲಾಗಿ ಕಂಬವು ಈ ಕೆಳಗಿನಂತೆ ಹೇಳಿಕೆ ನೀಡಿತು:

‘ತೊಂದರೆ ಅಂತ ಏನಿಲ್ಲ ಸಾರ್. ಹೋದ ವರ್ಷ ಸಾರ್ವೆಯಿಂದ ಬಿದ್ದು ಭುಜ ಮುರ್ಕೊಂಡಿದ್ದೆ, ಆಗ ಯಾರೂ ಬಂದು ಹೆಂಗಿದ್ದೀಯ ಅನ್ನಲಿಲ್ಲ. ಕಂಬ ಆದಾಗಿನಿಂದ ವಾರವಾರ ಒಬ್ಬರು ಬಂದು, ಎಲ್ಲಾದರೂ ಬಿರುಕು ಬಿಟ್ಟಿದೆಯಾ ಅಂತ ಟಾರ್ಚು ಬಿಟ್ಟು ನೋಡ್ತಾರೆ. ಮೊನ್ನೆ ಕಾಲ ಹತ್ರ ರಬ್ಬರಿನ ಪಟ್ಟಿ ಹಾಕಿಕೊಟ್ಟರು, ಗಾಡಿ ತಾಗಬಾರದು ಅಂತ. ಹೆಲ್ಮೆಟ್ಟು ಮಾತ್ರ ಸಿಗಲಿಲ್ಲ. ಕಂಬಗಳಿಗೆ ಕೊಡೋದಿಲ್ಲವಂತೆ. ಒಂದು ರಜೆ ಬೇಕಿತ್ತು, ಅಷ್ಟೇ.’

ಹೇಳಿಕೆಯ ಕೊನೆಯ ವಾಕ್ಯವನ್ನು ಹೊರತುಪಡಿಸಿ ಉಳಿದುದನ್ನು ಇಲಾಖೆಯ ಸಾಧನೆಯೆಂದು ವಾರ್ಷಿಕ ವರದಿಯಲ್ಲಿ ಸೇರಿಸಿಕೊಳ್ಳಲಾಗಿದೆ.

೭. ಅನಂತರ ಕಂಬವು ಲಿಖಿತವಾಗಿ ರಜೆ ಕೋರಿತು (ಉಲ್ಲೇಖ ೩). ಕಂಬಗಳಿಗೆ ರಜೆ ನಿಯಮಗಳಲ್ಲಿ ಅವಕಾಶವಿಲ್ಲ. ಕೆಲಸಗಾರನೆಂದು ಪರಿಗಣಿಸಿ ಕೊಡೋಣವೆಂದರೆ ಆತ ಕಂಬವಾದ ದಿನದಿಂದಲೇ ಹಾಜರಿ ಪಟ್ಟಿಯಿಂದ ಹೆಸರು ಹೋಗಿತ್ತು. ಆದರೂ ಮಾನವೀಯ ದೃಷ್ಟಿಯಿಂದ, ಕಂಬ ತನ್ನ ಮೇಲಿರುವ ಭಾರವನ್ನು ಯಾರಿಗೆ ವಹಿಸಿ ಹೋಗುತ್ತದೆಂದು ತಿಳಿಸಿದಲ್ಲಿ ಪರಿಶೀಲಿಸಲಾಗುವುದು ಎಂದು ಹಿಂಬರಹ ನೀಡಲಾಯಿತು. ಹಿಂಬರಹವನ್ನು ಕಂಬದ ಮೇಲೆಯೇ ಅಂಟಿಸಲಾಯಿತು.

೮. ಇದಾದ ಬಳಿಕ ಒಂದು ಬೆಳಿಗ್ಗೆ ಕಂಬದ ಪತ್ನಿಯು ಮುಖ್ಯ ಕಚೇರಿಗೆ ಬಂದರು. ಎರಡು ಕಡೆ ಬಸ್ಸು ಬದಲಿಸಿ ಬಂದಿದ್ದರು. ಲಿಫ್ಟ್ ಕೆಟ್ಟಿದ್ದರಿಂದ ಮೆಟ್ಟಿಲು ಹತ್ತಿ ಬಂದು ಕೆಳಸಹಿದಾರರ ಎದುರಿನ ಕುರ್ಚಿಯಲ್ಲಿ ಕೇಳದೆಯೇ ಕುಳಿತರು. ಅವರಿಗೆ ಕಂಪ್ಯೂಟರಿನಲ್ಲಿ ಮಾದರಿಯನ್ನು ತೆರೆದು, ಮಹಡಿಯನ್ನು ತಿರುಗಿಸಿ, ಅವರ ಪತಿ ಬೂದು ಬಣ್ಣದಲ್ಲಿ ನಿಂತಿರುವುದನ್ನು ತೋರಿಸಲಾಯಿತು. ಆಕೆ ಕಣ್ಣು ಕಿರಿದು ಮಾಡಿ ಸ್ವಲ್ಪ ಹೊತ್ತು ನೋಡಿದರು. ಅವರು ಹೇಳಿದ್ದು:

‘ಇದರೊಳಗಿರೋರು ಕಂಬ ಅಂತಾದರೆ ಇದರೊಳಗೇ ಇಟ್ಕೊಳ್ಳಿ ಸಾರ್, ನಂದೇನೂ ತಕರಾರಿಲ್ಲ. ಹೊರಗಿರೋರನ್ನ ನನ್ನ ಜೊತೆ ಕಳಿಸಿ. ಅವರು ನಿಮ್ಮ ಕಟ್ಟಡ ಹೊತ್ಕೊಂಡು ನಿಂತಿದಾರೆ ಅಂದರೆ ನಾನು ನಂಬೋದಿಲ್ಲ. ಮನೇಲಿ ಒಂದು ನೀರಿನ ಕ್ಯಾನು ಎತ್ತಿಡಿ ಅಂದರೂ ಮೂರು ಸಲ ಕೂಗಬೇಕು.’

ಇದಕ್ಕೆ ಲಿಖಿತ ಉತ್ತರ ನೀಡಲಾಗುವುದೆಂದು ಹೇಳುತ್ತಿರುವಾಗಲೇ ಆಕೆ ಮೇಜಿನ ಅಂಚನ್ನು ಹಿಡಿದುಕೊಂಡರು. ನೋವು ಶುರುವಾಗಿತ್ತು. ಟೋಕನ್ ತೆಗೆದುಕೊಂಡು ಹೊರಗಿನ ಬೆಂಚಿನಲ್ಲಿ ಕುಳಿತುಕೊಳ್ಳುವಂತೆ ಕೆಳಸಹಿದಾರರು ಸೂಚಿಸಿದರು. ಬೆರಳಚ್ಚುಗಾರ್ತಿಯು ಈ ಸೂಚನೆಯನ್ನು ಉಲ್ಲಂಘಿಸಿ, ಕೆಲಸ ಬಿಟ್ಟೆದ್ದು, ಆಕೆಯ ಬೆನ್ನು ನೀವುತ್ತಾ ಸೈಟ್ ಎಂಜಿನಿಯರ್‌ಗೆ ಫೋನು ಮಾಡಿ, ಆಕೆಯನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಸೈಟ್ ಎಂಜಿನಿಯರ್ ಕಂಬದ ಹತ್ತಿರ ಹೋಗಿ, ಹೆಸರು ಹಿಡಿದು ಕೂಗಿ, ‘ಹೊರಡಿ ಮೊದಲು, ಮಿಕ್ಕಿದ್ದು ನಾನು ನೋಡ್ಕೋತೀನಿ’ ಎಂದರು. ಕಂಬವು ಕರಣೆಯನ್ನು ಬಾಂಡಲಿಗೆ ಹಾಕಿ, ಕೈ ತೊಳೆಯದೆ ಓಡಿತು. ಪ್ರಭಾರ ಕಂಬ ಆಗ ಕ್ಯಾಂಟೀನಿನಲ್ಲಿತ್ತು.

೯. ಅದೇ ದಿನ ಮಧ್ಯಾಹ್ನ ಜಾಕಿಗಳ ಗುತ್ತಿಗೆದಾರರು ಸೈಟಿಗೆ ಬಂದರು. ಜಾಕಿ ತೆಗೆಯುವ ಆದೇಶ ಮಾದರಿಯಲ್ಲಿ ಹಾಗೆಯೇ ಉಳಿದಿದ್ದು, ಅದು ಅವರ ಮೊಬೈಲಿಗೆ ನೇರವಾಗಿ ತಲುಪಿತ್ತು. ಸೈಟ್ ಎಂಜಿನಿಯರ್ ಕೆಳಗೆ ಮರಳಿನ ಲಾರಿಯ ಬಳಿ ಇದ್ದಾಗ ಗುತ್ತಿಗೆದಾರರ ಕೆಲಸಗಾರರು ಮೇಲೆ ಹೋಗಿ ಜಾಕಿ ಬಿಚ್ಚತೊಡಗಿದರು. ಮೂರನೆಯದನ್ನು ಸಡಿಲಿಸುವಾಗ ಚಾವಣಿಯಿಂದ ಪುಡಿ ಉದುರಿತು. ಆಮೇಲೆ ಒಂದು ಸದ್ದು. ಅಲ್ಲಿದ್ದವರು ಅದನ್ನು ಬಾಗಿಲು ಮುರಿದಂತೆ ಎಂದಿದ್ದಾರೆ. ಸೈಟ್ ಎಂಜಿನಿಯರ್ ಓಡಿಬಂದು ಎಲ್ಲರನ್ನೂ ಕೆಳಗಿಳಿಸಿ, ತಾನು ಮತ್ತು ಇಬ್ಬರು ಸೆಂಟ್ರಿಂಗ್ ಕೆಲಸದವರು ಮಾತ್ರ ಒಳಗೆ ಹೋಗಿ ಜಾಕಿಗಳನ್ನು ಮತ್ತೆ ಬಿಗಿ ಮಾಡಿಸಿದರು. ಅಷ್ಟರಲ್ಲಿ ಚಾವಣಿ ಎರಡು ಬೆರಳಿನಷ್ಟು ಬಾಗಿತ್ತು. ಕ-೨೭ರ ಜಾಗದಲ್ಲಿ, ಮನುಷ್ಯನೊಬ್ಬ ನಿಂತಿದ್ದರೆ ತಲೆ ಬರುತ್ತಿದ್ದ ಕಡೆ, ತಲೆಗಿಂತ ದೊಡ್ಡ ಕಾಂಕ್ರೀಟಿನ ತುಂಡೊಂದು ಬಿದ್ದಿತ್ತು.

೧೦. ಈ ಘಟನೆಯನ್ನು ಮಾದರಿ ಶಾಖೆಯು ಕೂಲಂಕಷವಾಗಿ ವಿಶ್ಲೇಷಿಸಿದೆ. ಕಂಬ ಇದ್ದಷ್ಟು ದಿನ ಚಾವಣಿ ಬಾಗಲಿಲ್ಲ. ಕಂಬ ಹೋದ ದಿನವೇ ಬಾಗಿತು. ಆದ್ದರಿಂದ ಅದು ಕಂಬವೇ ಆಗಿತ್ತೆಂದು ನಿಸ್ಸಂಶಯವಾಗಿ ಸಾಬೀತಾಗಿರುತ್ತದೆ.

೧೧. ಮೇಲಿನ ಸಾಬೀತಿನ ಆಧಾರದ ಮೇಲೆ ಕಂಬಕ್ಕೆ ಕೂಡಲೇ ಕರ್ತವ್ಯಕ್ಕೆ ಮರಳುವಂತೆ ಕೆಳಸಹಿದಾರರು ದೂರವಾಣಿ ಮೂಲಕ ಆದೇಶಿಸಿದರು. ಆಗ ಕಂಬವು ಆಸ್ಪತ್ರೆಯ ಎರಡನೇ ವಾರ್ಡಿನ ಹೊರಗೆ, ಕಿಟಕಿಯ ಪಕ್ಕದಲ್ಲಿತ್ತು. ನೀಡಿದ ಉತ್ತರ, ಮೆಲುದನಿಯಲ್ಲಿ:

‘ಮಗು ಹುಟ್ಟಿ ಈಗಷ್ಟೇ ಆಯ್ತು ಸಾರ್. ಹೆಣ್ಣು. ಇವಳೂ ಚೆನ್ನಾಗಿದಾಳೆ, ನಿದ್ದೆ ಹತ್ತಿದೆ. ಮಗೂನ ನನ್ನ ಕೈಲಿ ಕೊಟ್ಟಿದಾರೆ, ಎಡಗೈ ಮೇಲೆ ಮಲಗಿದೆ. ಇವತ್ತಿಗೆ ನಾನು ಹೊರೋದು ಇಷ್ಟೇ ಭಾರ ಸಾರ್.’

ಹೀಗೆಂದು ಕರೆಯನ್ನು ತುಂಡರಿಸಲಾಯಿತು. ಕಂಬಗಳು ಕರೆ ತುಂಡರಿಸುವ ಬಗ್ಗೆ ನಿಯಮಗಳು ಮೌನವಾಗಿರುವುದರಿಂದ ಕ್ರಮ ಕೈಗೊಳ್ಳಲಾಗಿಲ್ಲ.

೧೨. ಸೈಟ್ ಎಂಜಿನಿಯರ್ ಅವರು ಇಲಾಖೆಯ ಅನುಮತಿಗೆ ಕಾಯದೆ, ಬೇರೆ ಕಾಮಗಾರಿಯಲ್ಲಿ ಉಳಿದಿದ್ದ ಉಕ್ಕಿನ ಕಂಬವೊಂದನ್ನು ತಮ್ಮ ಸ್ವಂತ ಸಹಿಯ ಮೇಲೆ ತರಿಸಿಕೊಂಡು, ವಾರದ ರಜೆಯ ದಿನ ಎಲ್ಲರನ್ನೂ ಸೇರಿಸಿ, ಚಾವಣಿಯನ್ನು ಜಾಕಿಗಳಿಂದ ಇಷ್ಟಿಷ್ಟೇ ಮೇಲೆತ್ತಿ, ಕಂಬವನ್ನು ನಿಲ್ಲಿಸಿ ಬೆಸುಗೆ ಹಾಕಿಸಿದರು. ರಜೆಯ ದಿನವಾದ್ದರಿಂದ ಕೆಲಸಗಾರರು ಯಾರೂ ಬರುವುದಿಲ್ಲವೆಂದು ಇಲಾಖೆ ಭಾವಿಸಿತ್ತು. ಎಲ್ಲರೂ ಬಂದಿದ್ದರು. ಚಾವಣಿ ಈಗ ಬಾಗುತ್ತಿಲ್ಲ. ಅನುಮತಿಯಿಲ್ಲದೆ ಚಾವಣಿಯನ್ನು ಉಳಿಸಿದ್ದಕ್ಕಾಗಿ ಸೈಟ್ ಎಂಜಿನಿಯರ್ ಅವರಿಗೆ ಕಾರಣ ಕೇಳುವ ನೋಟಿಸ್ ಜಾರಿಯಾಗಿದೆ. ಅವರ ಉತ್ತರ ಬಂದಿದ್ದು, ಅದರಲ್ಲಿ ‘ಬೀಳುತ್ತಿತ್ತು’ ಎಂಬ ಒಂದೇ ಪದವಿದೆ. ಅದನ್ನು ಅಪೂರ್ಣವೆಂದು ಹಿಂದಿರುಗಿಸಲಾಗಿದೆ.

೧೩. ಈ ನಡುವೆ ಕೆಳಸಹಿದಾರರ ಕೊಠಡಿಯನ್ನು ಮೂರನೇ ಮಹಡಿಯ ಇನ್ನೊಂದು ತುದಿಗೆ ಸ್ಥಳಾಂತರಿಸಲಾಗಿದ್ದು, ಅದು ಕೇವಲ ಗಾಳಿ ಬೆಳಕಿನ ಕಾರಣಕ್ಕಾಗಿ ಎಂದು ಸ್ಪಷ್ಟಪಡಿಸಲಾಗಿದೆ. ಬಾಗಿದ ಭಾಗದ ಮೇಲೆ ಬೆರಳಚ್ಚು ವಿಭಾಗ ಬರಲಿದೆ.

೧೪. ಮುಂದಿನ ಸ್ಕ್ಯಾನ್ ಆದಾಗ ಒಂದೇ ಜಾಗದಲ್ಲಿ ಎರಡು ಕಂಬ ಇರುವುದಾಗಿ ಮಾದರಿಯು ಕೆಂಪು ದೀಪ ತೋರಿಸಿತು. ಒಂದನ್ನು ಅಳಿಸಬೇಕಿತ್ತು. ಇದಕ್ಕಾಗಿ ರಚಿಸಲಾದ ಸಮಿತಿಯು ಎರಡೂ ಕಂಬಗಳ ಅರ್ಹತೆಯನ್ನು ತುಲನೆ ಮಾಡಿತು. ಮೊದಲನೆಯದು ಸೇವಾ ಹಿರಿತನ ಹೊಂದಿತ್ತು. ಎರಡನೆಯದು ಊಟ ಕೇಳುತ್ತಿರಲಿಲ್ಲ. ಎರಡನೆಯದರ ಪರವಾಗಿ ಸರ್ವಾನುಮತದ ತೀರ್ಮಾನವಾಗಿ, ಆರು ಸಹಿಗಳೊಂದಿಗೆ ಮೊದಲನೆಯದನ್ನು ಮಾದರಿಯಿಂದ ಅಳಿಸಲಾಗಿದೆ. ಸದರಿಯವರನ್ನು ಮರಳಿ ಕೆಲಸಗಾರರ ಪಟ್ಟಿಗೆ ಸೇರಿಸುವಂತೆ ಸೈಟ್ ಎಂಜಿನಿಯರ್ ಕೋರಿದ್ದಾರೆ. ಆ ಪಟ್ಟಿಯು ಕಾಮಗಾರಿಯ ಆರಂಭದಲ್ಲಿ ಮಾತ್ರ ತೆರೆದುಕೊಳ್ಳುತ್ತದೆ. ಆದುದರಿಂದ ಸದರಿಯವರು ಪ್ರಸ್ತುತ ಕಂಬವೂ ಅಲ್ಲ, ಕೆಲಸಗಾರರೂ ಅಲ್ಲ. ರಬ್ಬರಿನ ಪಟ್ಟಿಯನ್ನು ವಾಪಸು ಪಡೆಯಲಾಗಿದೆ.

೧೫. ಇಂಥ ಪ್ರಕರಣಗಳು ಮರುಕಳಿಸದಂತೆ ಎಲ್ಲ ಸಿಬ್ಬಂದಿ ಹಾಗೂ ಕಾರ್ಮಿಕರು ಈ ಕೆಳಗಿನ ಸೂಚನೆಗಳನ್ನು ಚಾಚೂ ತಪ್ಪದೆ ಪಾಲಿಸತಕ್ಕದ್ದು:

(ಅ) ಸ್ಕ್ಯಾನ್ ನಡೆಯುವಾಗ ಯಾರೂ ಸುಮ್ಮನೆ ನಿಲ್ಲಬಾರದು. ಯೋಚಿಸಬೇಕಾದವರು ನಡೆಯುತ್ತಾ ಯೋಚಿಸತಕ್ಕದ್ದು.

(ಆ) ಪತ್ನಿಯ ಕರೆ ಬಂದಲ್ಲಿ ಕೈಯನ್ನಾದರೂ ಬೀಸತಕ್ಕದ್ದು. ಪತ್ನಿಗೆ ಅದು ಕಾಣಿಸುವುದಿಲ್ಲವಾದರೂ ಯಂತ್ರಕ್ಕೆ ಕಾಣಿಸುತ್ತದೆ.

(ಇ) ಇಬ್ಬರು ಪಕ್ಕಪಕ್ಕದಲ್ಲಿ ನಿಂತು ಇಲಾಖೆಯನ್ನು ಬೈಯುವುದನ್ನು ನಿಷೇಧಿಸಲಾಗಿದೆ. ಅಂಥ ಒಂದು ಜೋಡಿಯು ಈಗಾಗಲೇ ಬಾಗಿಲ ಚೌಕಟ್ಟೆಂದು ದಾಖಲಾಗಿದ್ದು, ಅದಕ್ಕೆ ಕದ ಬಂದಿದೆ.

(ಈ) ಮುಖ್ಯ ಕಚೇರಿಯಲ್ಲಿ ಪ್ರಾಯೋಗಿಕವಾಗಿ ಸ್ಕ್ಯಾನ್ ನಡೆಸಲಾಗಿ ಹಿರಿಯ ಅಧಿಕಾರಿಗಳಲ್ಲಿ ಹಲವರು ಪೀಠೋಪಕರಣಗಳೆಂದು ದಾಖಲಾಗಿರುತ್ತಾರೆ. ತಿದ್ದುಪಡಿ ಕೋರಿ ಈವರೆಗೆ ಯಾವ ಅರ್ಜಿಯೂ ಬಂದಿಲ್ಲ.

(ಉ) ಜಾಕಿಗಳ ಕಡೆ ಇನ್ನು ಮುಂದೆ ನೋಡಬಹುದು.

೧೬. ಸದರಿ ಪ್ರಕರಣದಲ್ಲಿ ಯಾರದೂ ತಪ್ಪಿಲ್ಲವೆಂದು ಸಮಿತಿಯು ಅಭಿಪ್ರಾಯಪಟ್ಟಿದೆ. ತಪ್ಪು ಯಾರದೆಂದು ಮಾದರಿಯಲ್ಲಿ ನಮೂದಿಸಲು ಕಲಂ ಇಲ್ಲದಿರುವುದೂ ಇದಕ್ಕೆ ಪೂರಕವಾಗಿದೆ. ಈ ಸುತ್ತೋಲೆಯು ತಕ್ಷಣದಿಂದ ಜಾರಿಗೆ ಬರತಕ್ಕದ್ದು.

(ಸಹಿ ಇದೆ, ಪೆನ್ನು ಸಿಕ್ಕಿದೆ)
ಪ್ರಧಾನ ಮಾದರಿ ಅಧಿಕಾರಿ (ಪ್ರಭಾರ)

ಪ್ರತಿಗಳು:

೧. ಎಲ್ಲ ಶಾಖಾ ಮುಖ್ಯಸ್ಥರಿಗೆ, ಓದದೆ ಸಹಿ ಮಾಡಿ ಹಿಂದಿರುಗಿಸಲು.

೨. ಸೈಟ್ ಎಂಜಿನಿಯರ್ ಅವರಿಗೆ, ‘ಬೀಳುತ್ತಿತ್ತು’ ಎಂಬುದನ್ನು ಮೂರು ಪುಟಗಳಿಗೆ ವಿಸ್ತರಿಸಿ ಸಲ್ಲಿಸಲು.

೩. ದ್ವಿತೀಯ ದರ್ಜೆ ಸಹಾಯಕರಿಗೆ, ಪ್ರಭಾರದಿಂದ ಬಿಡುಗಡೆಗೊಳಿಸಲಾಗಿದೆ, ಇನ್ನು ಕುಳಿತುಕೊಳ್ಳಬಹುದು.

೪. ಬೆರಳಚ್ಚುಗಾರ್ತಿಗೆ, ಕೆಲಸ ಬಿಟ್ಟೆದ್ದ ಅವಧಿಗೆ ವಿವರಣೆ ನೀಡಲು (ಇದನ್ನು ಬೆರಳಚ್ಚು ಮಾಡಿದವರೂ ಅವರೇ ಆಗಿರುವುದರಿಂದ ಪ್ರತ್ಯೇಕ ಪ್ರತಿ ಬೇಡ).

೫. ಕಂಬ ಕ-೨೭ಕ್ಕೆ (ಉಕ್ಕು), ಮಾಹಿತಿಗಾಗಿ.

೬. ಮಗುವಿನ ತಂದೆಗೆ: ಯಾವ ದಾಖಲೆಯಲ್ಲಿಯೂ ಇಲ್ಲದ ಕಾರಣ ಕಳುಹಿಸಲಾಗಿಲ್ಲ. ಎರಡನೇ ಮಹಡಿಯ ಮೆಟ್ಟಿಲ ಪಕ್ಕದ ಗೋಡೆಗೆ ಗಾರೆ ಮಾಡುತ್ತಿದ್ದಾರೆ. ಕೂಗಿದರೆ ಕೇಳಿಸುತ್ತದೆ.